ವಾದ್ಯವೃಂದದ ಹನ್ನೆರಡನೆಯವನು

ಚನ್ನಗಿರಿಯ ನಮ್ಮ ಶಾಲೆಯಲ್ಲಿ ‘ವಾದ್ಯವೃಂದ’ ಎಂಬ ಪದದ ಅರ್ಥವನ್ನು ನನ್ನಷ್ಟು ಸೊಗಸಾಗಿ ಹೇಳುವ ಮೇಷ್ಟ್ರು ಇನ್ನೊಬ್ಬರಿರಲಿಲ್ಲ. ಹಲವು ವಾದ್ಯಗಳು ತಮ್ಮ ತಮ್ಮ ದನಿ ಉಳಿಸಿಕೊಂಡೇ ಒಂದಾಗಿ ನುಡಿಯುವುದು ಎಂದು ಕಣ್ಣು ಅರೆಮುಚ್ಚಿ ವಿವರಿಸುತ್ತಿದ್ದೆ. ಅಂಥದೊಂದು ವೃಂದದಲ್ಲಿ ಪಿಟೀಲು ಹಿಡಿದು ಕೂತವನೂ ಹೌದು. ನುಡಿಸಿದ್ದೇನೆ ಎನ್ನುವ ಧೈರ್ಯ ಮಾತ್ರ ಇಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮೂರಿನ ಹಾರ್ಮೋನಿಯಂ ರುದ್ರಯ್ಯನವರ ತಂಡವನ್ನು ನ್ಯಾಮತಿಯ ಗಣಪತಿ ಸಮಿತಿಯವರು ಕರೆದಿದ್ದರು. ಕರಪತ್ರದಲ್ಲಿ ‘ಹನ್ನೆರಡು ಕಲಾವಿದರ ಭಾರೀ ವಾದ್ಯವೃಂದ’ ಎಂದು ಅಚ್ಚಾಗಿತ್ತು. ಆ ಒಕ್ಕಣೆ ನನ್ನದೇ. ತಂಡದಲ್ಲಿ ಇದ್ದದ್ದು ಹನ್ನೊಂದೇ ಜನ.

“ಬರೆದೋರೇ ಬಂದು ಕುಂದ್ರಿ ಮೇಷ್ಟ್ರೇ,” ಎಂದು ರುದ್ರಯ್ಯ ನನ್ನ ಕೈಗೆ ಪಿಟೀಲು ಕೊಟ್ಟರು. “ಕಮಾನಿಗೆ ರಾಳ ತಿಕ್ಕಿಲ್ಲ. ಎಷ್ಟು ಎಳೆದ್ರೂ ಸದ್ದು ಬರಂಗಿಲ್ಲ. ಧಾರಾಳವಾಗಿ ಎಳೀರಿ.”

ಎಳೆದೆ. ತಲೆದೂಗಿದೆ, ಹುಬ್ಬು ಗಂಟಿಕ್ಕಿದೆ, ಒಂದೆರಡು ಕಡೆ ಕಣ್ಣನ್ನೂ ಒದ್ದೆ ಮಾಡಿಕೊಂಡೆ. ಕೊನೆಗೆ ಬಿದ್ದ ಚಪ್ಪಾಳೆಯಲ್ಲಿ ಹೆಚ್ಚಿನ ಪಾಲು ನನ್ನದೇ ಎಂದು ನಂಬಿಯೂ ಬಿಟ್ಟೆ.

ಮರುತಿಂಗಳು ಅದೇ ನ್ಯಾಮತಿಗೆ ಹೆಣ್ಣು ನೋಡಲು ಹೋದೆ. ಹುಡುಗಿ ಗಿರಿಜಾ ಮೊದಲ ನೋಟಕ್ಕೇ ಮನಸ್ಸಿಗೆ ಹಿಡಿಸಿದಳು. ಈ ಸಂಬಂಧ ಕೂಡಿಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಉಪ್ಪಿಟ್ಟು ತಿನ್ನುತ್ತಿದ್ದೆ. ಅಷ್ಟರಲ್ಲಿ ಅವಳ ತಂದೆ ಒಳಗಿನಿಂದ ಪಿಟೀಲೊಂದನ್ನು ತಂದರು. ನನಗಾಗಿಯೇ ಯಾರ ಮನೆಯಿಂದಲೋ ತರಿಸಿದ್ದರಂತೆ.

“ಗಣಪತಿ ಹಬ್ಬದಾಗೆ ನಿಮ್ಮನ್ನ ನೋಡೀನಿ. ಏನು ತನ್ಮಯತೆ ರೀ ನಿಮ್ದು. ಒಂದು ನುಡಿಸ್ರಿ,” ಎಂದರು.

ಆ ಕಮಾನಿಗೆ ರಾಳ ಚೆನ್ನಾಗಿಯೇ ತಿಕ್ಕಿದ್ದರು. ನಿಜ ಹೇಳಿದರೂ ಹುಡುಗಿ ಕೈತಪ್ಪುತ್ತಾಳೆ, ನುಡಿಸಿದರಂತೂ ತಪ್ಪಿದ ಹಾಗೆಯೇ. ಶ್ರುತಿ ನೋಡುವವನಂತೆ ಪಿಟೀಲಿನ ಬಿರಡೆ ತಿರುಗಿಸುತ್ತ ಕೂತೆ.

ಕಾಫಿ ಲೋಟ ಇಡುತ್ತಿದ್ದ ಗಿರಿಜಾ ತಲೆ ಎತ್ತದೆ ಹೇಳಿದಳು: “ಅಪ್ಪಾ, ಅವರು ವಾದ್ಯವೃಂದದಾಗೆ ನುಡಿಸೋರು. ಒಬ್ರೇ ಕುಂತು ನುಡಿಸಿದ್ರೆ ಅದು ವೃಂದ ಹೆಂಗಾಗ್ತೈತೆ? ಕಾಫಿ ಆರ್ತೈತೆ, ಕುಡೀಲಿ ಬಿಡು.”

ಆ ಪದದ ಅಷ್ಟು ಒಳ್ಳೆಯ ಪ್ರಯೋಗವನ್ನು ನಾನು ಯಾವ ನಿಘಂಟಿನಲ್ಲೂ ಕಂಡಿಲ್ಲ. ಮದುವೆಯಾದ ಮೇಲೆ, ಅವಳಿಗೆ ನನ್ನ ಗುಟ್ಟು ತಿಳಿದಿತ್ತೇ ಎಂದು ಕೇಳಿದೆ.

“ಮುಂದಿನ ಸಾಲಿನಾಗೇ ಕುಂತಿದ್ದೆ. ಹಾಡು ಮುಗಿದು ಎಲ್ರೂ ಕೈ ನಿಲ್ಲಿಸಿದ ಮ್ಯಾಲೂ ನಿಮ್ಮ ಕಮಾನು ಓಡ್ತಾನೇ ಇತ್ತು. ಸದ್ದೇ ಇರ್ಲಿಲ್ಲ.”

“ಗೊತ್ತಿದ್ದೂ ಹೆಂಗೆ ಒಪ್ಪಿದೆ?”

“ಎರಡು ತಾಸು ಸದ್ದು ಮಾಡ್ದೆ ಕುಂದ್ರೋ ಗಂಡಸು ಎಲ್ಲಿ ಸಿಗ್ತಾನ್ರೀ?”

ನಮ್ಮ ಮನೆಯ ವೃಂದದಲ್ಲಿ ನಾನು ಈಗಲೂ ಕಮಾನು ಆಡಿಸುತ್ತಿದ್ದೇನೆ. ರಾಳದ ಡಬ್ಬಿ ಅವಳ ಹತ್ತಿರ ಇದೆ.