ಒಂದು ಶುಕ್ರವಾರಕ್ಕಾಗಿ ಬಿಚ್ಚಿದ ಮೊಳೆಗಳು

ಎವರಿಸ್ತೋ ಕಬಾನ್ಯಾಸ್ ಹೋದ ತಿಂಗಳು ತೀರಿಕೊಂಡ. ಸರ್ಕಾರಿ ಕಡತದಲ್ಲಿ ಅವನ ಹೆಸರಿನ ಮುಂದೆ ಇಂದಿಗೂ ಒಂದೇ ಮಾತಿದೆ: "ಅಜಾಗರೂಕತೆಗಾಗಿ ವಜಾ." ಇಪ್ಪತ್ತಾರು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವನು, ಒಂದು ಅಲ್ಪವಿರಾಮ ಸೊಟ್ಟಗೆ ಕೂತಿದೆಯೆಂದು ನೆನಪಾದರೆ ಊಟ ಬಿಟ್ಟು ಎದ್ದುಹೋಗಿ ನೆಟ್ಟಗೆ ಮಾಡಿ ಬರುತ್ತಿದ್ದವನು, ಅಜಾಗರೂಕನಂತೆ! ಆ ಮಾತು ಬರೆದ ಪುಣ್ಯಾತ್ಮ ಅವನು ಕೆಲಸ ಮಾಡುವುದನ್ನು ಒಮ್ಮೆಯೂ ನೋಡಿರಲಿಕ್ಕಿಲ್ಲ.

ರಾಜಧಾನಿ ಅಸುನ್ಸಿಯೋನಿನ ಆ ಹಳೆಯ ಅಚ್ಚುಕೂಟದಲ್ಲಿ ಸರ್ಕಾರಿ ಗೆಜೆಟ್ಟು ಅಚ್ಚಾಗುತ್ತಿತ್ತು. ತೊಂಬತ್ತು ದಿನಕ್ಕೊಮ್ಮೆ, ದೇಶ ಆಳುತ್ತಿದ್ದ ಜನರಲ್ ಸಾಹೇಬರ ತುರ್ತುಸ್ಥಿತಿಯ ಆದೇಶ ಅದರಲ್ಲಿ ಬರಲೇಬೇಕು. ಅದೊಂದು ಬಂದರೆ ಪೊಲೀಸರು ಯಾರನ್ನು ಬೇಕಾದರೂ, ಎಷ್ಟು ಕಾಲ ಬೇಕಾದರೂ, ಕಾರಣ ಹೇಳದೆ ಒಳಗೆ ಹಾಕಬಹುದು. ಆದೇಶದ ಮಾತು ಎಂದೂ ಬದಲಾಗುತ್ತಿರಲಿಲ್ಲ. ಹಾಗಾಗಿ ಅದರ ಮೂರು ಪುಟದ ಮೊಳೆಗಳನ್ನು ಯಾರೂ ಬಿಚ್ಚುತ್ತಿರಲಿಲ್ಲ. ದಾರ ಸುತ್ತಿ, ತಟ್ಟೆಯ ಸಮೇತ ಗೂಡಿನಲ್ಲಿ ಇಟ್ಟುಬಿಡುತ್ತಿದ್ದರು. ದಿನ ಬಂದಾಗ ಎವರಿಸ್ತೋ ಅದನ್ನು ಇಳಿಸಿ, ಚಿಮುಟದಿಂದ ಹಳೆಯ ತಾರೀಖು ಕಿತ್ತು ಹೊಸದನ್ನು ಕೂರಿಸುತ್ತಿದ್ದ. ಎರಡು ನಿಮಿಷದ ಕೆಲಸ. ಇಡೀ ದೇಶಕ್ಕೆ ಇನ್ನೂ ಮೂರು ತಿಂಗಳ ಬೀಗ.

ಐದು ವರ್ಷಕ್ಕೊಮ್ಮೆ, ಮತದಾನದ ಭಾನುವಾರ ಮಾತ್ರ, ಆ ಬೀಗವನ್ನು ಒಂದು ದಿನ ತೆಗೆಯುತ್ತಿದ್ದರು. ಹೊರದೇಶದ ಪತ್ರಕರ್ತರು ಬಂದು ಫೋಟೋ ಹಿಡಿದು ಹೋಗುತ್ತಿದ್ದರು. ಜನರಲ್ ಗೆಲ್ಲುತ್ತಿದ್ದರು. ಸೋಮವಾರ ಮತ್ತೆ ಬೀಗ. ಇದಕ್ಕೆ ಅವರು ಇಟ್ಟ ಹೆಸರು ಪ್ರಜಾಪ್ರಭುತ್ವ.

ಲಿಯೋಕಾದಿಯೋ ಎಂಬ ಹಳ್ಳಿ ಮೇಷ್ಟ್ರು ಒಳಗೆ ಹೋಗಿ ಏಳು ವರ್ಷವಾಗಿತ್ತು. ಎವರಿಸ್ತೋನ ಮಗಳಿಗೆ ಜ್ಞಾನಸ್ನಾನದ ದಿನ ಧರ್ಮಪಿತನಾಗಿ ನಿಂತವನು ಅವನು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕಂಪಾ' ಎಂದೇ ಕರೆಯುತ್ತಿದ್ದರು. ಹತ್ತಿ ಬೆಳೆಯುವವರ ಸಂಘಕ್ಕೆ ಅಧ್ಯಕ್ಷನನ್ನು ಆರಿಸುವಾಗ, ಧಣಿಯ ಎದುರು ಕೈಯೆತ್ತುವುದು ಬೇಡ, ಗುಟ್ಟಾಗಿ ಚೀಟಿ ಹಾಕೋಣ ಎಂದಿದ್ದ ಲಿಯೋಕಾದಿಯೋ. ಅಷ್ಟೇ ಅವನ ಅಪರಾಧ. "ಜನರಿಗೆ ಗುಪ್ತ ಚಟುವಟಿಕೆಯ ತರಬೇತಿ" ಎಂದು ಪೊಲೀಸರು ಬರೆದುಕೊಂಡರು. ನ್ಯಾಯಾಲಯದ ಮುಖವನ್ನೇ ಅವನಿಗೆ ತೋರಿಸಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಅಚ್ಚುಕೂಟದ ಎದುರಿನ ಮಾವಿನ ಮರದಡಿ ಎವರಿಸ್ತೋ ವಕೀಲೆ ನೆಲಿದಾಳ ಜೊತೆ ಒಂದೇ ಬಟ್ಟಲಿನಿಂದ ತೆರೆರೆ ಎಂಬ ತಣ್ಣನೆಯ ಎಲೆಕಷಾಯ ಹೀರುತ್ತ ಕೂತಿದ್ದ. ಲಿಯೋಕಾದಿಯೋನ ಪರವಾಗಿ ಓಡಾಡುತ್ತಿದ್ದವಳು ಅವಳೊಬ್ಬಳೇ.

"ಏನಮ್ಮಾ, ನಮ್ಮ ಕಂಪಾ ಹೊರಗೆ ಬರೋ ದಾರಿ ಒಂದಾದ್ರೂ ಇದೆಯಾ?"

"ಎರಡಿದೆ ಅಣ್ಣ. ಒಂದು, ಜನರಲ್ ಸಾಯ್ಬೇಕು. ಇಲ್ಲಾ, ತುರ್ತುಸ್ಥಿತಿ ಒಂದು ದಿನ ತಪ್ಪಬೇಕು. ಆವತ್ತು ನಾನು ಅರ್ಜಿ ಹಾಕಿದ್ರೆ, ಯಾವ ಕಾನೂನಿನ ಮೇಲೆ ಇವನನ್ನ ಇಟ್ಕೊಂಡಿದ್ದೀರಿ ಅಂತ ಜಡ್ಜು ಕೇಳ್ಲೇಬೇಕು."

"ಚುನಾವಣೆ ದಿನ ತೆಗೀತಾರಲ್ಲ?"

"ಅದಕ್ಕೇ ಭಾನುವಾರ ಇಡೋದು ಆ ಕಳ್ಳರು. ಕೋರ್ಟು ಮುಚ್ಚಿರುತ್ತೆ."

"ವಾರದ ನಡುವೆ ಒಂದು ದಿನ ಸಿಕ್ರೆ ಸಾಕಾ?"

"ಒಂದು ಬೆಳಿಗ್ಗೆ ಸಾಕು. ಯಾಕೆ, ನಿಮ್ಮ ಜೇಬಲ್ಲಿದೆಯಾ?"

ಎವರಿಸ್ತೋ ಬಟ್ಟಲನ್ನು ಅವಳ ಕೈಗೆ ಕೊಟ್ಟ. "ಶುಕ್ರವಾರಕ್ಕೆ ಅರ್ಜಿ ಬರ್ಕೊಂಡು ರೆಡಿಯಾಗಿರಿ," ಎಂದ.

ಗುರುವಾರಕ್ಕೆ ಹಳೆಯ ಆದೇಶದ ತೊಂಬತ್ತು ದಿನ ಮುಗಿಯುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಊರಿಗೆ ಊರೇ ನಿದ್ದೆಗೆ ಹೋಯಿತು. ಅಚ್ಚುಕೂಟದಲ್ಲಿ ಅವನೊಬ್ಬನೇ ಉಳಿದ. ಜನರಲ್ ತನ್ನ ಚುನಾವಣೆಗಾಗಿ ಒಂದು ದಿನ ಬೀಗ ತೆಗೆಯಬಹುದಾದರೆ, ಒಬ್ಬ ಮೇಷ್ಟ್ರಿಗಾಗಿ ತಾನೇಕೆ ತೆಗೆಯಬಾರದು? ಅವನು ತಟ್ಟೆ ಇಳಿಸಿದ. ಕೈ ಜಾರಿಸಿ ನೆಲಕ್ಕೆ ಬೀಳಿಸಿದ್ದರೆ ಮುಗಿಯುತ್ತಿತ್ತು. ಆಕಸ್ಮಿಕ ಎನ್ನುತ್ತಿದ್ದರು, ನಾಲ್ಕು ಬೈದು ಬಿಡುತ್ತಿದ್ದರು. ಆದರೆ ಅವನಿಗೆ ಅದು ಆಗಲಿಲ್ಲ. ದಾರ ಬಿಚ್ಚಿ, ಸಾಲು ಸಾಲಾಗಿ ಕೈಗೆತ್ತಿಕೊಂಡು, ಮೂರು ಪುಟದ ಒಂದೊಂದು ಅಕ್ಷರವನ್ನೂ ಅದರದರ ಖಾನೆಗೆ ಹಾಕಿದ. ಮೂರು ಗಂಟೆಗೆ ತಟ್ಟೆ ಬರಿದಾಗಿತ್ತು.

ಮೇಸ್ತ್ರಿ ಫುಲ್ಹೆನ್ಸಿಯೋ ಕಣ್ಣುಜ್ಜುತ್ತ ಬಂದ. "ಆದೇಶ ಎಲ್ಲೋ?"

"ಖಾನೆಗಳಲ್ಲಿದೆ ಯಜಮಾನ್ರೇ."

"ತಮಾಷೆ ಮಾಡ್ತೀಯಾ?" ಫುಲ್ಹೆನ್ಸಿಯೋ ಖಾನೆಗಳಿಗೆ ಕೈ ಹಾಕಿ ಕೆದಕಿದ. ಒಂದೇ ಒಂದು ಮೊಳೆ ಅದಲುಬದಲಾಗಿರಲಿಲ್ಲ. "ಅಯ್ಯೋ ಮುಂಡೇದೇ, ಬೀಳಿಸಿಬಿಟ್ಟೆ ಅಂತ ಹೇಳೋಕೂ ಆಗ್ದಂಗೆ ಮಾಡಿದ್ಯಲ್ಲೋ!"

ಐದಕ್ಕೆ ಗೆಜೆಟ್ಟಿನ ಗಾಡಿ ಹೊರಡಬೇಕು. ಮೂರು ಪುಟ ಮತ್ತೆ ಜೋಡಿಸಲು ಇಡೀ ದಿನ ಬೇಕು. ಶುಕ್ರವಾರದ ಗೆಜೆಟ್ಟು ಆದೇಶವಿಲ್ಲದೆ ಹೊರಬಿತ್ತು. ನೆಲಿದಾ ಬೆಳಿಗ್ಗೆ ಏಳಕ್ಕೇ ಕೋರ್ಟಿನ ಬಾಗಿಲಲ್ಲಿ ನಿಂತು ಅರ್ಜಿ ಕೊಟ್ಟಳು. ನ್ಯಾಯಾಧೀಶ ಎರಡು ಸಲ ಓದಿದ. ಗೆಜೆಟ್ಟಿನ ಪುಟಗಳನ್ನು ತಿರುವಿ ಹಾಕಿದ.

"ತುರ್ತುಸ್ಥಿತಿ ಅನ್ನೋದು ಕಾಗದದಲ್ಲಿ ಇರೋದಲ್ಲಮ್ಮ," ಎಂದ. "ಜನಕ್ಕೆ ಗೊತ್ತಿರುತ್ತೆ. ಅಷ್ಟು ಸಾಕು."

"ಹಾಗಾದ್ರೆ ಅಚ್ಚು ಯಾಕೆ ಹಾಕಿಸ್ತೀರಿ ಸ್ವಾಮಿ?"

ನ್ಯಾಯಾಧೀಶ ಗೆಜೆಟ್ಟು ಮಡಚಿಟ್ಟ. ತೀರ್ಪನ್ನು ಸೋಮವಾರಕ್ಕೆ ಮುಂದೂಡಿದರು. ಶನಿವಾರ ಗುರುವಾರದ ತಾರೀಖು ಹೊತ್ತ ಹೊಸ ಗೆಜೆಟ್ಟು ಆದೇಶದ ಸಮೇತ ಬಂತು. ಶುಕ್ರವಾರದ್ದನ್ನು ಅಂಗಡಿ ಅಂಗಡಿಗೆ ಹೋಗಿ ಕಿತ್ತುಕೊಂಡು ಸುಟ್ಟರು. ಸೋಮವಾರ ಅರ್ಜಿ ವಜಾ. ಸರ್ಕಾರದ ಲೆಕ್ಕದಲ್ಲಿ ಆಗದೇ ಇದ್ದ ಶುಕ್ರವಾರವನ್ನು ಮಾಡಿದ ತಪ್ಪಿಗೆ ಎವರಿಸ್ತೋನ ಮೇಲೆ ಆರೋಪ ಹೊರಿಸುವುದಾದರೂ ಹೇಗೆ? ಅದಕ್ಕೇ ಕಡತದಲ್ಲಿ 'ಅಜಾಗರೂಕತೆ' ಎಂದು ಗೀಚಿ, ಅವನನ್ನು ಕಾರಣ ಹೇಳದೆ ಒಳಗೆ ಹಾಕಿದರು. ಹಾಕಿದ್ದು ಲಿಯೋಕಾದಿಯೋನ ಪಕ್ಕದ ಕೋಣೆಗೇ.

ಸಂಜೆ ಗೋಡೆಯ ಬಿರುಕಿನಿಂದ ದನಿ ಬಂತು. "ಕಂಪಾ, ನೀನಾ? ನೀನೇನು ಮಾಡ್ಕೊಂಡೆ ಮಾರಾಯ?"

ಎವರಿಸ್ತೋ ಎಲ್ಲವನ್ನೂ ಹೇಳಿದ.

"ಕೆಳಕ್ಕೆ ಚೆಲ್ಲಿಬಿಡೋದು ಬಿಟ್ಟು ಜೋಡಿಸಿ ಇಡ್ತಾ ಕೂತ್ಯಲ್ಲೋ ದಡ್ಡ!"

"ಮೊಳೆ ಏನು ತಪ್ಪು ಮಾಡಿತ್ತು ಕಂಪಾ?"

"ಅಂದ್ರೆ ಶುಕ್ರವಾರ ನನ್ನ ಮೇಲೆ ಯಾವ ಕಾನೂನೂ ಇರ್ಲಿಲ್ಲ?"

"ಇರ್ಲಿಲ್ಲ."

"ಶುಕ್ರವಾರ ನಾನು ಇವರ ಅಂಗಳ ಗುಡಿಸ್ತಿದ್ದೆ," ಎಂದ ಲಿಯೋಕಾದಿಯೋ. "ಏಳು ವರ್ಷದಿಂದ ದಿನಾ ಗುಡಿಸ್ತಿದ್ದೀನಿ. ಅವತ್ತೂ ಗುಡಿಸಿಬಿಟ್ನಲ್ಲೋ."

ಮರುದಿನ ಬೆಳಿಗ್ಗೆ ಕಾವಲಿನವನು ಎಂದಿನಂತೆ ಪೊರಕೆ ತಂದು ಲಿಯೋಕಾದಿಯೋನ ಬಾಗಿಲು ತೆಗೆದ. ಎವರಿಸ್ತೋ ಗೋಡೆಗೆ ಕಿವಿ ಹಚ್ಚಿ ನಿಂತಿದ್ದ.

"ನಾನು ಶುಕ್ರವಾರವೇ ಬಿಡುಗಡೆಯಾದವನಪ್ಪ," ಎನ್ನುತ್ತಿದ್ದ ಲಿಯೋಕಾದಿಯೋ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ. "ಗುಡಿಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಆಮೇಲೆ ಕೇಳಿದ ಸದ್ದುಗಳನ್ನು ಎವರಿಸ್ತೋ ಸಾಯುವವರೆಗೂ ಯಾರಿಗೂ ಬಣ್ಣಿಸಲಿಲ್ಲ. ಅಂಗಳ ಮಾತ್ರ ಅಂದು ಗುಡಿಸದೆ ಉಳಿಯಿತು.