ಡಾರ್ಲೀನಳ ಕೋಟಿನ ಜೇಬು

ಡಾರ್ಲೀನ್ ಕಂಗಸ್ ಇಪ್ಪತ್ತಾರು ವರ್ಷದಿಂದ ನಮ್ಮ ಕೌಂಟಿಯ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದಾಳೆ. ಉತ್ತರ ಮಿಷಿಗನ್ನಿನ ಈ ಮೂಲೆಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಬೆಳಗಿನ ಜಾವ ಅವಳ ಲಾರಿ ಬಂದು ಹೋಗದಿದ್ದರೆ ಯಾರೂ ಮನೆ ಬಿಟ್ಟು ಕದಲುವಂತಿಲ್ಲ. ಅಂಥ ಗಟ್ಟಿಗಿತ್ತಿ ಎಂಟು ಹುಡುಗಿಯರ ಸ್ಕೌಟ್ ದಳ ನಡೆಸಲಾಗದೆ ಒದ್ದಾಡಿದಳು ಎಂದರೆ ನಿಮಗೆ ನಗು ಬರಬಹುದು. ನನಗೂ ಬಂದಿತ್ತು. ನಕ್ಕಿದ್ದಕ್ಕೆ ತಕ್ಕ ಶಾಸ್ತಿಯೂ ಆಯಿತು.

ನಾನು ಟೌನೊ, ನಿವೃತ್ತ ಅಂಚೆಯವ. ನನ್ನ ಮನೆ ಚರ್ಚಿನ ಎದುರಿಗೆ. ಮಂಗಳವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ದಳ ಸೇರುತ್ತದೆ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು, ನಾನು ಸೊಂಟ ಮುರಿದುಕೊಂಡು ಹಿಮ ಎತ್ತಿ ಹಸನು ಮಾಡಿದ ಜಾಗದಲ್ಲೇ ಕಾರು ನಿಲ್ಲಿಸುತ್ತಿದ್ದರು. ಒಂದು ಮಂಗಳವಾರ ತಡೆಯಲಾರದೆ ನೆಲಮಾಳಿಗೆಗೆ ಇಳಿದುಹೋಗಿ ಕೂಗಾಡಿದೆ. ಡಾರ್ಲೀನ್ ಪೂರ್ತಿ ಕೇಳಿಸಿಕೊಂಡಳು.

"ನಿಂಗೆ ಇಪ್ಪತ್ತೊಂದು ತುಂಬಿದ್ಯಾ, ಟೌನೊ?"

"ಅರವತ್ತೇಳು ತುಂಬ್ತು. ಯಾಕೆ?"

"ಸಾಕು ಬಿಡು. ಇಲ್ಲೊಂದು ಸಹಿ ಹಾಕು."

ವಿಷಯ ಇಷ್ಟೆ. ಮಕ್ಕಳನ್ನು ಎಲ್ಲಿಗೆ ಕರೆದೊಯ್ದರೂ ಹೆಸರು ನೋಂದಾಯಿಸಿದ ಇಬ್ಬರು ದೊಡ್ಡವರು ಜೊತೆಗಿರಬೇಕು. ಒಬ್ಬರೇ ಇರುವಂತಿಲ್ಲ, ಅರ್ಧ ಗಂಟೆಯ ಮಟ್ಟಿಗೂ ಇಲ್ಲ. ಹುಡುಗಿಯರ ದಳವಾದ್ದರಿಂದ ಇಬ್ಬರಲ್ಲಿ ಒಬ್ಬರು ಹೆಂಗಸು. ಹೆಂಗಸು ಡಾರ್ಲೀನ್ ಇದ್ದಳು; ಮಂಗಳವಾರದ ಮಟ್ಟಿಗೆ ಚರ್ಚಿನ ಪಾದ್ರಿ ಜೊತೆಗೆ ಕೂರುತ್ತಿದ್ದರು, ಬಿಡಾರಕ್ಕೆ ಯಾರೂ ಇಲ್ಲ. ಎರಡನೆಯವರಿಗಾಗಿ ಎರಡು ವರ್ಷ ಊರೆಲ್ಲ ಅಲೆದಿದ್ದಳು. "ತುಂಬಾ ಒಳ್ಳೇ ಕೆಲ್ಸ ಮಾಡ್ತಿದೀರಿ" ಎಂದು ಹೊಗಳದ ಮನೆಯಿಲ್ಲ, ಬರುತ್ತೇನೆ ಎಂದ ಮನೆಯೂ ಇಲ್ಲ. ಹೊಗಳುವಾಗಲೂ ಅವರ ಕಾರಿನ ಇಂಜಿನ್ನು ಓಡುತ್ತಲೇ ಇರುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ನಾನೇ ಮನೆಗೆ ಕರೆದ ಹಾಗಾಯಿತು. ಒಂದೇ ಒಂದು ರಾತ್ರಿಯ ಬಿಡಾರಕ್ಕೆ ಎಂದು ಸಹಿ ಹಾಕಿದವನು ಐದು ವರ್ಷದಿಂದ ನೆಲದ ಮೇಲೆ ಮಲಗುತ್ತಿದ್ದೇನೆ.

ಈ ಕೆಲಸ ಅವಳಿಗೇಕೆ ಬೇಕಿತ್ತು ಎಂದು ಒಮ್ಮೆ ಕೇಳಿದ್ದೆ. ಒಂಬತ್ತು ವರ್ಷದವಳಿದ್ದಾಗ ಅಣ್ಣನ ಚೀಲ ಹೊತ್ತುಕೊಂಡು ಇದೇ ನೆಲಮಾಳಿಗೆಯ ಬಾಗಿಲತನಕ ಬರುತ್ತಿದ್ದಳಂತೆ. ಚೀಲ ಒಳಗೆ ಹೋಗುತ್ತಿತ್ತು, ಇವಳು ಮನೆಗೆ ವಾಪಸು. ಹುಡುಗಿಯರಿಗೂ ದಳ ಕಟ್ಟಬಹುದು ಎಂದು ಮೇಲಿನವರು ಒಪ್ಪಿದಾಗ ಅವಳಿಗೆ ಐವತ್ತು ದಾಟಿತ್ತು. ಮರುದಿನವೇ ಹೋಗಿ ಚರ್ಚಿನ ಬೀಗದ ಕೈ ಕೇಳಿದಳು.

ಅಷ್ಟು ವರ್ಷ ಹಸಿದಿದ್ದವಳು ಊಟ ಸಿಕ್ಕಾಗ ಬೇರೆಯವರಿಗೆ ಬಡಿಸಿಯಾಳೇ? ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹುಡುಗಿಯರು ಗುಡಾರ ಎತ್ತುತ್ತಿದ್ದರೆ "ತಾ ಇಲ್ಲಿ" ಎನ್ನುವಳು. ಗಂಟು ಹಾಕುತ್ತಿದ್ದರೆ ಬಿಚ್ಚಿ ತಾನು ಹಾಕುವಳು. ಬೆಂಕಿ ಹೊತ್ತಿಸುವವಳು ಅವಳು, ಬೇಯಿಸುವವಳು ಅವಳು. ಹೋದ ವರ್ಷದ ಚಳಿಗಾಲದ ಬಿಡಾರದಿಂದ ಹಿಂತಿರುಗುವಾಗ ದಳದ ನಾಯಕಿ ಬ್ರಿನ್ ಎಂಬ ಹದಿಮೂರರ ಹುಡುಗಿ ವ್ಯಾನಿನ ಹಿಂದಿನ ಸೀಟಿನಿಂದ ತಣ್ಣಗೆ ಹೇಳಿದಳು: "ಮಿಸೆಸ್ ಕಂಗಸ್, ಬಿಡಾರ ಹೂಡಿದ್ದು ನೀವು. ನಾವು ನಿಮ್ಮ ಸಾಮಾನು ಅಷ್ಟೇ."

ಆ ವಸಂತದಲ್ಲಿ ಮೂವರು ಹುಡುಗಿಯರು ದಳ ಬಿಟ್ಟರು. ಉಳಿದವರು ಐದು. ಪ್ರತಿ ಮಾರ್ಚಿನಲ್ಲಿ ದಳವನ್ನು ಹೊಸದಾಗಿ ನೋಂದಾಯಿಸಬೇಕು, ಅದಕ್ಕೆ ಕನಿಷ್ಠ ಐದು ಹೆಸರು ಬೇಕು. ಒಂದು ಹೆಸರು ಕಡಿಮೆಯಾದರೂ ದಳ ಮುಚ್ಚಿದ ಹಾಗೆಯೇ. ಮುಂದಿನ ವರ್ಷ ಹಾಕಿ ತಂಡ ಸೇರುತ್ತೇನೆಂದು ಬ್ರಿನ್ ಆಗಲೇ ಹೇಳಿಕೊಂಡು ತಿರುಗುತ್ತಿದ್ದಳು.

ಡಾರ್ಲೀನ್ ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಆರಿಸಿಕೊಂಡಳು. "ನಾನೇನು ಮಾಡ್ಲಿ, ಟೌನೊ?"

"ಕೈ ಎರಡೂ ಜೇಬಲ್ಲಿ ಹಾಕ್ಕೊಂಡು ಕೂತ್ಕೋ. ಬೇರೇನೂ ಮಾಡ್ಬೇಡ."

ನಾನು ಬಾಯಿಗೆ ಬಂದದ್ದನ್ನು ಹೇಳಿದೆ. ಅವಳು ಮೊಣಕೈತನಕ ಇಳಿಯುವ ಜೇಬಿರುವ ಕೋಟನ್ನು ಹುಡುಕಿ ಕೊಂಡಳು. ಮುಂದಿನ ಫೆಬ್ರವರಿಯ ಬಿಡಾರಕ್ಕೆ ಅದನ್ನೇ ತೊಟ್ಟು ಬಂದಳು.

ಬಿಡಾರ ಹೂಡಿದ್ದು ಕಾಡಿನೊಳಗಿನ ಒಂದು ಮರದ ಮನೆಯಲ್ಲಿ. ಶನಿವಾರ ಹುಡುಗಿಯರು ತಾವೇ ಒಂದು ಸುತ್ತು ಹೋಗಿಬರಬೇಕು: ಪೂರ್ವಕ್ಕೆ ಹೆಪ್ಪುಗಟ್ಟಿದ ತೊರೆ, ಅದನ್ನು ದಾಟಿ ಗುಡ್ಡದ ಮೇಲಿನ ಹಳೇ ಕಾವಲು ಗೋಪುರ, ಅಲ್ಲಿಂದ ಬಂದ ದಾರಿಯಲ್ಲೇ ಹಿಂದಕ್ಕೆ. ನಾಲ್ಕು ಮೈಲಿಗಿಂತ ಕಡಿಮೆ. ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಅಗಲವಾದ ಸ್ನೋಶೂ ಕಟ್ಟಿಕೊಂಡರೆ ಮೂರು ಗಂಟೆಯ ನಡಿಗೆ. ಅವರ ಬಳಿ ಇರಬೇಕಾದದ್ದು ನಕ್ಷೆ, ಸೀಟಿ, ಬಿಸಿನೀರಿನ ಫ್ಲಾಸ್ಕು, ದಿಕ್ಸೂಚಿ. ಸಂಜೆ ನಾಲ್ಕು ಗಂಟೆಯೊಳಗೆ ವಾಪಸು ಬರಬೇಕು. ನಾಲ್ಕೂವರೆಗೂ ಬಾರದಿದ್ದರೆ ನಾವು ಫೋನು ಸಿಗುವ ಹೆದ್ದಾರಿಗೆ ಹೋಗಿ ಶೆರೀಫರಿಗೆ ತಿಳಿಸುವುದು. ಇದೆಲ್ಲ ಮೊದಲೇ ಬರೆದು ಗೋಡೆಗೆ ಅಂಟಿಸಿತ್ತು.

ಡಾರ್ಲೀನ್ ಬೆಳಗಿನಿಂದ ಜೇಬಿನಿಂದ ಕೈ ತೆಗೆದಿರಲಿಲ್ಲ. ಹುಡುಗಿಯರ ಓಟ್ಸ್ ಗಂಜಿ ತಳ ಹಿಡಿಯಿತು, ಸುಮ್ಮನಿದ್ದಳು. ಹನ್ನೊಂದು ವರ್ಷದ ಓಪಲ್, ದಳದ ಕಿರಿಯವಳು, ಸ್ನೋಶೂಗಳನ್ನು ಎಡಬಲ ಮಾಡಿ ಕಟ್ಟಿಕೊಂಡಳು, ಆಗಲೂ ಸುಮ್ಮನಿದ್ದಳು. ಅವಳ ದವಡೆ ಮಾತ್ರ ಅಲುಗುತ್ತಿತ್ತು. ಹನ್ನೆರಡೂವರೆಗೆ ಐವರೂ ಮರಗಳ ಮರೆಗೆ ಸರಿದರು. ನಾವಿಬ್ಬರೂ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಕಡುಬುಗಳನ್ನು ಒಲೆಯ ಮೇಲೆ ಬಿಸಿಗಿಟ್ಟು ಮೆಟ್ಟಿಲ ಮೇಲೆ ಕೂತೆವು.

"ನೋಡು, ಬದುಕಿದೀಯ" ಎಂದೆ.

"ಸಾಯ್ತಾ ಇದೀನಿ" ಎಂದಳು.

ಎರಡೂವರೆ ಇರಬೇಕು. ಅವಳ ಮುಖ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. ಬಲಗೈಯನ್ನು ಜೇಬಿನ ತಳದಿಂದ ನಿಧಾನವಾಗಿ ಹೊರತೆಗೆದು ಅಂಗೈ ಬಿಚ್ಚಿದಳು. ಹುಡುಗಿಯರ ದಿಕ್ಸೂಚಿ ಅಲ್ಲಿತ್ತು.

"ಇದು ನಿನ್ನ ಹತ್ರ ಯಾಕಿದೆ?"

"ಬೆಳಿಗ್ಗೆ ಮೇಜಿನ ಮೇಲಿಟ್ಟಿದ್ರು. ಸರಿಯಾಗಿದ್ಯಾ ಅಂತ ಸುಮ್ನೆ ಒಂದ್ಸಲ ನೋಡೋಣ ಅಂತ ತಗೊಂಡೆ. ಬ್ರಿನ್ ಈ ಕಡೆ ತಿರುಗಿದ್ಲು. ಕೈ ಹಾಕಬಾರದು ಅಂತ ನೆನಪಾಯ್ತು. ಗಾಬರಿಯಲ್ಲಿ ಕೈ ಜೇಬಿಗೆ ತುರುಕಿದೆ, ಟೌನೊ. ಇದನ್ನೂ ಸೇರಿಸಿ."

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ಕೇಳಿದ್ದೇನೆ. ಇಲ್ಲಿ ಹುಡುಕುತ್ತಿರುವವರು ಕಾಡಿನಲ್ಲಿದ್ದರು. ಮೋಡ ಕವಿದಿತ್ತು, ಸೂರ್ಯನ ಸುಳಿವಿರಲಿಲ್ಲ. ಗಾಳಿ ಎದ್ದು ಹೆಜ್ಜೆ ಗುರುತುಗಳನ್ನು ಮುಚ್ಚತೊಡಗಿತ್ತು.

ಅವಳು ಎದ್ದು ಇಪ್ಪತ್ತು ಹೆಜ್ಜೆ ಓಡಿದಳು. ನಾನೂ ಸ್ನೋಶೂ ಹುಡುಕತೊಡಗಿದೆ. ಆಮೇಲೆ ಅವಳೇ ನಿಂತಳು.

"ಹೋಗ್ಬಾರ್ದು."

"ತಲೆ ಕೆಟ್ಟಿದ್ಯಾ ನಿಂಗೆ? ಮಕ್ಕಳು ಡಾರ್ಲೀನ್, ಮಕ್ಕಳು!"

"ನಾವು ಆ ಕಡೆ ಹೋಗಿ ಅವರು ಈ ಕಡೆ ಬಂದ್ರೆ? ನಡುಗ್ತಾ ಬಂದಾಗ ಮನೇಲಿ ಯಾರೂ ಇಲ್ದೆ ಹೋದ್ರೆ? ಒಬ್ಬರು ಹೋಗಿ ಒಬ್ಬರು ಇರೋ ಹಾಗೂ ಇಲ್ಲ. ದಾರಿ ತಪ್ಪಿದ್ರೆ ಏನ್ ಮಾಡ್ಬೇಕು ಅಂತ ನಾನೇ ಕಲ್ಸಿದೀನಿ. ನಾಲ್ಕೂವರೆ ಅಂದಿದೀವಿ. ನಾಲ್ಕೂವರೆಗೆ ಹೆದ್ದಾರಿಗೆ ಹೋಗೋಣ."

"ಕಲ್ಸಿದೀಯಾ? ನೀನು ಅವರ ಕೈಗೆ ಏನಾದ್ರೂ ಬಿಟ್ಟಿದ್ಯಾ ಕಲಿಯೋಕೆ?"

ಆ ಮಾತು ಆಡಬಾರದಿತ್ತು. ಅವಳು ಕಾಡಿನ ಅಂಚಿಗೆ ಹೋಗಿ ನಿಂತು ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ಸೀಟಿ ಊದಿದಳು. ಗಾಳಿ ಸೀಟಿಯನ್ನು ನುಂಗಿತು. ಮೂರು ಗಂಟೆಯಾಯಿತು, ಮೂರೂವರೆಯಾಯಿತು. ಐದು ಮನೆಗಳ ಬಾಗಿಲು ಬಡಿದು ಏನೆಂದು ಹೇಳುವುದು ಎಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಮೂವತ್ತೆಂಟು ವರ್ಷ ಕೆಟ್ಟ ಸುದ್ದಿಯ ಲಕೋಟೆಗಳನ್ನು ಹಂಚಿದವನಿಗೂ ಅದು ಜೋಡಿಕೊಳ್ಳಲಿಲ್ಲ. ನಾಲ್ಕಾಯಿತು. ಒಳಗೆ ಪ್ಯಾಸ್ಟಿ ಸೀದ ವಾಸನೆ ಬಂತು, ಇಬ್ಬರೂ ಅಲುಗಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಡಾರ್ಲೀನ್ ವ್ಯಾನಿನ ಬೀಗದ ಕೈ ತೆಗೆದಳು. ಅದು ಜಾರಿ ಹಿಮದಲ್ಲಿ ಬಿದ್ದುಹೋಯಿತು.

"ಏನೋ ಸೀದ್ಹೋಗ್ತಿದೆ!" ಎಂದಿತು ಒಂದು ಪುಟ್ಟ ದನಿ, ನಮ್ಮ ಬೆನ್ನ ಹಿಂದೆ.

ನಾವು ಪೂರ್ವಕ್ಕೆ ಕಣ್ಣು ನೆಟ್ಟು ನಿಂತಿದ್ದೆವು. ಅವರು ಪಶ್ಚಿಮದಿಂದ, ಹಳೇ ರೈಲುದಾರಿಯ ಮೇಲೆ ಸಾಲಾಗಿ ನಡೆದು ಬಂದಿದ್ದರು. ಮುಂದೆ ಓಪಲ್, ಕೊನೆಯಲ್ಲಿ ಬ್ರಿನ್. ಎಣಿಸಿದೆ, ಐದು. ಮತ್ತೊಮ್ಮೆ ಎಣಿಸಿದೆ, ಐದೇ. ಹೋದ ಜೀವ ಬಂತು. ನಾನು ಮೆಟ್ಟಿಲ ಮೇಲೆ ಕುಸಿದು ಕೂತು ಆ ಸೀದ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಅಷ್ಟು ಒಳ್ಳೆಯ ಉಸಿರು ಅದುವರೆಗೆ ತೆಗೆದುಕೊಂಡಿರಲಿಲ್ಲ.

ಎಲ್ಲರೂ ಒಟ್ಟಿಗೇ ಬಡಬಡಿಸತೊಡಗಿದರು. ತೊರೆ ಕವಲೊಡೆಯುವಲ್ಲಿ ಚೀಲ ಬಿಚ್ಚಿದರಂತೆ, ದಿಕ್ಸೂಚಿ ಇಲ್ಲ. ಹಿಂದೆ ನೋಡಿದರೆ ಹೆಜ್ಜೆ ಗುರುತೂ ಇಲ್ಲ. ಇಬ್ಬರು ಅತ್ತರಂತೆ. ಬ್ರಿನ್ ಎಲ್ಲರನ್ನೂ ಕೂರಿಸಿ ಬಿಸಿನೀರು ಕುಡಿಸಿದಳಂತೆ. ತೊರೆ ಎಲ್ಲಿಗಾದರೂ ಹರಿಯಲೇಬೇಕಲ್ಲ ಎಂದು ಓಪಲ್ ನಕ್ಷೆಯ ಮೇಲೆ ಬೆರಳಿಟ್ಟು ನೋಡಿದಾಗ, ಅದು ರೈಲು ಸೇತುವೆಯ ಕೆಳಗೆ ಹಾಯುವುದು ಕಂಡಿತು. ರೈಲುದಾರಿ ಈ ಮನೆಯ ಹಿತ್ತಲಲ್ಲೇ ಹಾದುಹೋಗುತ್ತದೆ. ಗೋಪುರದ ಆಸೆ ಬಿಟ್ಟು ತೊರೆಯ ದಡ ಹಿಡಿದು ನಡೆದರು. ದೂರದ ಸುತ್ತು, ಆದರೆ ತಪ್ಪುವ ದಾರಿಯಲ್ಲ.

ಬ್ರಿನ್ ಡಾರ್ಲೀನಳ ಮುಂದೆ ಬಂದು ನಿಂತಳು. ಅವಳ ರೆಪ್ಪೆಯ ಮೇಲೆ ಹಿಮ ಕೂತಿತ್ತು, ಕಣ್ಣು ಹೊಳೆಯುತ್ತಿತ್ತು.

"ಕಂಪಾಸು ಕೊನೇಲಿ ನಿಮ್ಮ ಕೈಲಿ ನೋಡಿದ್ದೆ. ನೀವು ಬೇಕು ಅಂತಾನೇ ಎತ್ತಿಟ್ಕೊಂಡ್ರಿ ಅಲ್ವಾ? ಪರೀಕ್ಷೆ ಮಾಡೋಕೆ. ನಾನಾಗ್ಲೇ ಇವರಿಗೆಲ್ಲ ಹೇಳ್ದೆ."

ಐದು ಮುಖಗಳೂ ಡಾರ್ಲೀನಳ ಕಡೆ ತಿರುಗಿದವು. ಒಂದು 'ಹೂಂ' ಅಂದರೆ ಸಾಕಿತ್ತು. ಮಹಾ ಜಾಣ ಗುರು ಎಂದು ಊರೆಲ್ಲ ಡಂಗುರ ಹೊಡೆಯುತ್ತಿದ್ದರು. ಮಾರ್ಚಿನಲ್ಲಿ ಐದೂ ಹೆಸರು ಕೈಗೆ ಬರುತ್ತಿದ್ದವು. ನಿಜ ಹೇಳಿದರೆ ಐದು ಮನೆಗೂ ಸುದ್ದಿ ಹೋಗುತ್ತದೆ, ಯಾವ ತಾಯಿ ಮತ್ತೆ ಕಳಿಸಿಯಾಳು? ನಾನು ಮೆಲ್ಲಗೆ ಅವಳ ತೋಳು ಚಿವುಟಿದೆ. "ಹೂಂ ಅಂದ್ಬಿಡೇ" ಎಂದು ಉಸುರಿದೆ.

"ಇಲ್ಲ" ಎಂದಳು ಡಾರ್ಲೀನ್. "ಪರೀಕ್ಷೆ ಅಲ್ಲ. ಕೈ ಹಾಕಲ್ಲ ಅಂದೋಳು ಕೈ ಹಾಕ್ದೆ, ಮರೆತು ಜೇಬಲ್ಲಿ ಇಟ್ಕೊಂಡೆ. ತಪ್ಪು ನಂದು. ಎರಡು ಗಂಟೆ ಹೊತ್ತು ನಾನು ಇಲ್ಲಿ ಸತ್ತು ಹುಟ್ಟಿದೀನಿ. ನಿಮ್ಮ ಮನೆಗಳಿಗೂ ಹೋಗಿ ಇದನ್ನೇ ಹೇಳ್ತೀನಿ."

ಓಪಲ್ ಹುಬ್ಬು ಗಂಟಿಕ್ಕಿದಳು.

"ಹಾಗಾದ್ರೆ ನಾವು ನಿಜವಾಗ್ಲೂ ದಾರಿ ತಪ್ಪಿದ್ವಾ?"

"ನಿಜವಾಗ್ಲೂ."

"ಯಾರೂ ಮರೆಯಲ್ಲಿ ನಿಂತು ನೋಡ್ತಾ ಇರ್ಲಿಲ್ವಾ?"

"ಯಾರೂ ಇರ್ಲಿಲ್ಲ, ಮರಿ."

ಬ್ರಿನ್ ಹಿಂದಿನವರ ಕಡೆ ತಿರುಗಿದಳು. "ಕೇಳಿಸ್ತೇನ್ರೇ? ಅಂದ್ರೆ ನಿಜವಾಗ್ಲೂ ನಾವೇ ಬಂದ್ವಿ!"

ಅವರು ಕಿರುಚಿದ ಕಿರುಚಾಟಕ್ಕೆ ಮರದ ಮೇಲಿನ ಹಿಮ ಉದುರಿತು. ಡಾರ್ಲೀನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತಳು. ನಾನೂ ಅತ್ತೆ; ಹೊಗೆ ಎಂದು ಹೇಳಿಕೊಂಡೆ. ಕರಿ ಹಿಡಿದ ಪ್ಯಾಸ್ಟಿಯ ಸಿಪ್ಪೆ ಕೆರೆದು ಎಲ್ಲರೂ ತಿಂದೆವು.

ಭಾನುವಾರ ಡಾರ್ಲೀನ್ ಐದೂ ಮನೆಗೆ ಹೋದಳು. ಎರಡನೆಯವರು ಬೇಕಲ್ಲ, ನಾನೂ ಹೋದೆ. ಒಬ್ಬ ತಾಯಿ ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಬೈದಳು, ಬೈಸಿಕೊಂಡೆವು. ಬ್ರಿನ್‌ಳ ತಾಯಿ ಮಾತ್ರ, "ಮೂರನೇ ಸಲ ಕೇಳ್ತಿದೀನಿ ಈ ಕಥೇನ. ನಿನ್ನೆಯಿಂದ ಅವಳ ಬಾಯಿ ಮುಚ್ಚಿಲ್ಲ" ಎಂದು ನಕ್ಕು ಒಳಗೆ ಕರೆದಳು.

ಮಾರ್ಚಿನ ಮೊದಲ ಮಂಗಳವಾರ ನೋಂದಣಿ ಹಾಳೆ ಮೇಜಿನ ಮೇಲಿತ್ತು. ನಾಲ್ವರು ಬರೆದರು. ಬ್ರಿನ್ ತಡವಾಗಿ ಬಂದಳು, ಹೆಗಲ ಮೇಲೆ ಹಾಕಿ ಆಟದ ಕೋಲು. ಅವಳು ಕೋಲನ್ನು ಮೂಲೆಗೆ ಒರಗಿಸಿ, "ಹಾಕಿ ಗುರುವಾರ. ಇದು ಮಂಗಳವಾರ" ಎಂದು ಹೆಸರು ಬರೆದಳು. ಮತ್ತೆ ಬೋರ್ಡಿನ ಹತ್ತಿರ ಹೋಗಿ, ದಳದ ನಿಯಮಗಳ ಕೆಳಗೆ ಇನ್ನೊಂದು ಸೇರಿಸಿದಳು: ದೊಡ್ಡವರ ಕೈ ಜೇಬಿನಲ್ಲಿರಲಿ, ಜೇಬು ಖಾಲಿ ಇರಲಿ.

ಈಗ ದಳದಲ್ಲಿ ಏಳು ಹುಡುಗಿಯರಿದ್ದಾರೆ. ಎಲ್ಲಿಗೇ ಹೊರಟರೂ ಮೊದಲು ಓಪಲ್ ಬಂದು ಡಾರ್ಲೀನಳ ಮುಂದೆ ಅಂಗೈ ಚಾಚುತ್ತಾಳೆ. "ಜೇಬು, ಮಿಸೆಸ್ ಕಂಗಸ್." ಕಳೆದ ವಾರ ಸಿಕ್ಕಿದ್ದು ಗುಡಾರದ ಎರಡು ಗೂಟ, ಯಾರದೋ ಒಂದು ಕೈಗವಸು, ನಾನು ಮೂರು ದಿನದಿಂದ ಹುಡುಕುತ್ತಿದ್ದ ಕನ್ನಡಕ. ಎಲ್ಲವನ್ನೂ ಒಪ್ಪಿಸಿ ಡಾರ್ಲೀನ್ ಖಾಲಿ ಜೇಬಿಗೆ ಕೈ ಇಳಿಸಿದಳು. ಹುಡುಗಿಯರು ಹೊರಟರು.