ಅತ್ತೆಯ ಮಾತ್ರೆ ಡಬ್ಬಿ

ವಿಮಾನ ನಿಲ್ದಾಣದ ಬಳಿಯ ಸಾಂತಾಕ್ರೂಜ್‌ನ ಆಫೀಸಿನಲ್ಲಿ ಪ್ರಯಾಣ ವಿಮೆಯ ಏಜೆಂಟ್ ಹಳೆಯ ಕಾಯಿಲೆ ಏನಾದರೂ ಇದೆಯೇ ಎಂದು ಕೇಳಿದಾಗ, ನಾನು ಥಟ್ಟನೆ ‘ಕುಛ್ ನಹೀಂ’, ಏನೂ ಇಲ್ಲ, ಎಂದೆ. ಕಿರಿಯ ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೊರಟಿದ್ದ ನನ್ನ ಅತ್ತೆಗೆ ಹೃದಯದ ತೊಂದರೆಯಿತ್ತು. ಹೇಳಿದರೆ ವಿಮೆಯೇ ಸಿಗದು ಎಂಬುದು ನನ್ನ ಲೆಕ್ಕಾಚಾರ.

ಪಕ್ಕದಲ್ಲೇ ಕೂತಿದ್ದ ಅತ್ತೆ ಕಿಟಕಿಯಾಚೆ ಮೇಲೇರುತ್ತಿದ್ದ ವಿಮಾನವನ್ನೇ ನೋಡುತ್ತ, ‘ಅಳಿಯಂದಿರೇ, ಎದೆನೋವನ್ನ ಭಾಂಡುಪ್ ಮನೇಲಿ ಬಿಟ್ಟು ಹೋಗಕ್ಕಾಗತ್ತಾ? ಅದೂ ನನ್ನ ಜೊತೆ ವಿಮಾನ ಹತ್ತತ್ತಲ್ಲ!’ ಎಂದು ನಕ್ಕು, ಮಾತ್ರೆಯ ಡಬ್ಬಿಯನ್ನು ಏಜೆಂಟನ ಮುಂದಿಟ್ಟರು. ಅವನು ಎಲ್ಲವನ್ನೂ ಬರೆದುಕೊಂಡ. ವಿಮೆ ಸಿಕ್ಕಿತು, ಹೃದಯದ ಕಾಯಿಲೆಯೊಂದನ್ನು ಬಿಟ್ಟು. ಅದಕ್ಕೇ ಡಾಕ್ಟರ ಪತ್ರ, ಮೂರು ತಿಂಗಳ ಮಾತ್ರೆ ಕಟ್ಟಿಕೊಟ್ಟೆ. ಅತ್ತೆ ಸುಖವಾಗಿ ಮರಳಿದರು.

ಹಿರಿಯರನ್ನು ಕಳಿಸುವವರೇ, ಕಾಯಿಲೆ ಮುಚ್ಚಿಡಬೇಡಿ. ಯಾವುದಕ್ಕೆ ವಿಮೆಯಿಲ್ಲ ಎಂಬುದಾದರೂ ಮೊದಲೇ ತಿಳಿಯುತ್ತದೆ. ಈಗಲೂ ತಲೆಯ ಮೇಲೆ ವಿಮಾನ ತೇಲಿಹೋದಾಗ, ಅದರೊಳಗೊಂದು ಎದೆ ಮೆಲ್ಲಗೆ ಬಡಿಯುವುದು ಕೇಳಿಸಿದಂತಾಗುತ್ತದೆ.